ಸೂಜಿ ಹೊಕ್ಕಾಗ ಬಂದ ಮುಖ

“ಸೂಜಿ ಒಳಗೆ ಹೋಗೋವಾಗ ಮನಸ್ಸಲ್ಲಿ ನಿನ್ನ ಮುಖ ಒಂದೇ ಇಟ್ಕೋ, ಮಗಾ. ಬೇರೆ ಯಾರನ್ನೂ ನೆನೀಬೇಡ. ಯಾರ ಮುಖ ಬರುತ್ತೋ, ಸೂಜಿ ಅವರ ಹತ್ರ ಹೋಗಿ ಕಿತ್ಕೊಂಡು ಬರುತ್ತೆ. ಮೊದಲು ದನಿ. ಆಮೇಲೆ ಉಸಿರು.”

ಮಂತ್ರವಾದಿ ಸರ್ಪಿನ್ ಅಜ್ಜ ಇಷ್ಟು ಹೇಳಿ ಕೆಂಡದ ಮೇಲೆ ಒಂದು ಚಿಟಿಕೆ ಸಾಂಬ್ರಾಣಿ ಉದುರಿಸಿದ. ಎದುರಿಗೆ ಚಾಪೆಯ ಮೇಲೆ ಕುಳಿತಿದ್ದ ವೆನಿಂಗ್‌ಗೆ ನಗು ತಡೆಯಲಾಗಲಿಲ್ಲ.

“ಸೂಜಿಗೆ ದಾರಿ ಗೊತ್ತಾಗುತ್ತಾ ಅಜ್ಜಾ? ವಿಳಾಸ ಬರೆದು ಕೊಡ್ಲಾ?”

“ನಗು, ನಗು. ಇಲ್ಲಿಗೆ ನಗ್ತಾ ಬಂದೋರೇ ಜಾಸ್ತಿ,” ಎಂದ ಅಜ್ಜ. ಅವನು ಮಾತ್ರ ನಗಲಿಲ್ಲ.

ಹೊರಗೆ ಮಟಮಟ ಮಧ್ಯಾಹ್ನ. ತೇಗದ ಕಾಡಿನಲ್ಲಿ ಒಣ ಎಲೆಗಳು ಉದುರುವ ಸದ್ದು ಹಲಗೆಯ ಗೋಡೆ ದಾಟಿ ಬರುತ್ತಿತ್ತು. ಯಾರೋ ನಿಧಾನವಾಗಿ ಮನೆಯ ಸುತ್ತ ನಡೆಯುತ್ತಿದ್ದಾರೆ ಅನ್ನಿಸುವಂಥ ಸದ್ದು. ಆ ಒಳಕೋಣೆಗೆ ಕಿಟಕಿಯೇ ಇರಲಿಲ್ಲ. ಬಾಗಿಲು ಹಾಕಿದ ಮೇಲೆ ಕೆಂಡದ ಕೆಂಪು ಬಿಟ್ಟರೆ ಕಣ್ಣಿಗೆ ಏನೂ ಸಿಗುತ್ತಿರಲಿಲ್ಲ. ಸಾಂಬ್ರಾಣಿಯ ಹೊಗೆ, ಚಾಪೆಯ ಮುಗ್ಗಲು, ಮುದುಕನ ಬಾಯಿಂದ ಬರುತ್ತಿದ್ದ ಲವಂಗದ ಸಿಗರೇಟಿನ ವಾಸನೆ ಎಲ್ಲ ಬೆರೆತು ಅವಳ ಗಂಟಲು ಕೆರೆಯುತ್ತಿತ್ತು.

ಈ ಸೂಜಿಗೆ ನಮ್ಮ ಬ್ಲೋರಾ ಕಡೆ ಸುಸುಕ್ ಅನ್ನುತ್ತಾರೆ. ಕೂದಲಿನಷ್ಟು ಸಣ್ಣ ಚಿನ್ನದ ಎಳೆ. ಮಂತ್ರ ಹೇಳಿ ಗಂಟಲ ಬಳಿ ಚರ್ಮದೊಳಗೆ ತೂರಿಸಿದರೆ ಗಾಯವೂ ಇಲ್ಲ, ಕಲೆಯೂ ಇಲ್ಲ, ಹಾಡಿದರೆ ಮಾತ್ರ ಜನ ಮರುಳಾಗುತ್ತಾರೆ. ಅದಕ್ಕೊಂದು ಕಟ್ಟಳೆಯಿದೆ. ಸುಸುಕ್ ಇಟ್ಟುಕೊಂಡವರು ಸಾತೆಯನ್ನು, ಅಂದರೆ ಕಡ್ಡಿಗೆ ಪೋಣಿಸಿ ಕೆಂಡದಲ್ಲಿ ಸುಟ್ಟ ಕೋಳಿಮಾಂಸವನ್ನು, ಕಡ್ಡಿಯಿಂದ ನೇರವಾಗಿ ಹಲ್ಲಿನಲ್ಲಿ ಎಳೆದು ತಿನ್ನಬಾರದು. ತಿಂದರೆ ಸೂಜಿ ಜಾರಿ ಬಿದ್ದುಹೋಗುತ್ತದೆ, ಅದು ತಂದದ್ದು ಇದ್ದಲ್ಲಿಗೆ ವಾಪಸಾಗುತ್ತದೆ. ಬೇರೆ ಊರಿನವರಿಗೆ ಇದೊಂದು ಕಷ್ಟವೇ ಅಲ್ಲ. ಬ್ಲೋರಾದಲ್ಲಿ ಅಂಗಡಿಗೆ ಹೋಗಿ ಕೂತರೆ ಸಾಕು, ಕೇಳದಿದ್ದರೂ ಒಂದು ಕಟ್ಟು ಸಾತೆ ತಂದು ಮುಂದಿಡುತ್ತಾರೆ. ಹಾಡುವ ಹೆಂಗಸೊಬ್ಬಳು ಚಮಚದಲ್ಲಿ ಮಾಂಸವನ್ನು ಕಡ್ಡಿಯಿಂದ ಕೆಳಗೆ ತಳ್ಳಿದಳೋ, ಪಕ್ಕದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ವೆನಿಂಗ್ ಇದನ್ನೆಲ್ಲ ನಂಬುವವಳಲ್ಲ. ಹಾಗಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದಳು. ನಾಲ್ಕು ವರ್ಷ ಸೋಲೋ ನಗರದಲ್ಲಿ ಸಂಗೀತ ಕಲಿತು ತರಗತಿಗೇ ಮೊದಲಿಗಳಾಗಿ ಬಂದವಳು. ಹೋದ ವರ್ಷ ಪಾಕ್ ಗುನಾರ್ತೊ ಅವರ ಮದುವೆ ಮೇಳಕ್ಕೆ ಸೇರಿದ್ದಳು. ನಮ್ಮಲ್ಲಿ ಹಿರಿಯ ಗಂಡಸರನ್ನು ಪಾಕ್ ಅಂತಲೂ ಹೆಂಗಸರನ್ನು ಬು ಅಂತಲೂ ಕರೆಯುತ್ತಾರೆ. ಅವಳ ಶ್ರುತಿ ಒಂದು ಎಳೆಯೂ ಆಚೀಚೆ ಆಗುತ್ತಿರಲಿಲ್ಲ. ಆದರೆ ಅವಳು ಹಾಡುವಾಗ ಚಪ್ಪರದ ತುಂಬ ತಟ್ಟೆ ಚಮಚಗಳ ಸದ್ದು. ಅನ್ನ ಬಡಿಸು ಅನ್ನುವವರು, ಮಗುವನ್ನು ಕರೆಯುವವರು, ಸಾರಿಗೆ ಉಪ್ಪು ಕಡಿಮೆ ಅನ್ನುವವರು. ಅವಳ ಹಾಡು ಮುಗಿದದ್ದು ಎಷ್ಟೋ ಸಲ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಆಮೇಲೆ ಮೇಳದ ಹಿರಿಯ ಹಾಡುಗಾರ್ತಿ ಬು ದರ್ಸಿ ಏಳುತ್ತಿದ್ದರು. ವಯಸ್ಸು ಐವತ್ತೆರಡು, ಮುಂದಿನ ಹಲ್ಲು ಸೊಟ್ಟ, ಮೇಲಿನ ಸ್ವರಕ್ಕೆ ಹೋದರೆ ದನಿ ಸ್ವಲ್ಪ ಒಡೆಯುತ್ತಿತ್ತು. ಆ ಒಡೆದ ದನಿ ಚಪ್ಪರಕ್ಕೆ ಬಿದ್ದದ್ದೇ ತಡ, ಚಮಚಗಳು ನಿಲ್ಲುತ್ತಿದ್ದವು. ಮದುವೆ ಹುಡುಗಿಯ ತಾಯಿ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಅಡುಗೆಯವರು ಸೌಟು ಹಿಡಿದೇ ಬಾಗಿಲಿಗೆ ಬರುತ್ತಿದ್ದರು.

ವೆನಿಂಗ್‌ಗೆ ಇದು ಅರಗಲೇ ಇಲ್ಲ. ನಿಜ ಹೇಳಬೇಕೆಂದರೆ ಆ ಒಂದು ವರ್ಷದಲ್ಲಿ ಅವಳು ಎದುರಿಗೆ ಕೂತವರ ಮುಖವನ್ನು ಒಂದು ದಿನವೂ ನೆಟ್ಟಗೆ ನೋಡಿರಲಿಲ್ಲ. ತನ್ನ ಹಾಡು ಹಾಡುತ್ತಲೂ ಅವಳ ಕಣ್ಣು ಓರೆಯಾಗಿ ಬು ದರ್ಸಿಯ ಮೇಲೇ. ಅವರನ್ನು ಯಾರು ಹೊಗಳಿದರು, ಯಾರು ಕೈ ಮುಗಿದರು, ಮುಂದಿನ ಮದುವೆಗೆ ಯಾರು ಕರೆದರು, ಇದೇ ಲೆಕ್ಕ. ನಾಲ್ಕು ವರ್ಷ ಶಾಲೆಯಲ್ಲಿ ಕಲಿಯದ ವಿದ್ಯೆಯೊಂದು ಆ ಹೆಂಗಸಿಗೆ ಗೊತ್ತಿದೆ ಅಂದುಕೊಳ್ಳುವುದಕ್ಕಿಂತ ಅವರ ಗಂಟಲಲ್ಲಿ ಸುಸುಕ್ ಇದೆ ಅಂದುಕೊಳ್ಳುವುದು ಅವಳಿಗೆ ಸುಲಭವಾಯಿತು. ಮೇಳದವರೂ ಪಿಸುಗುಟ್ಟುತ್ತಿದ್ದರು ನೋಡಿ, ಆಧಾರವೂ ಸಿಕ್ಕಿತು. ಅವರು ಸಾತೆ ಹೇಗೆ ತಿನ್ನುತ್ತಾರೆ ಎಂದು ನೋಡುವ ಗೋಜಿಗೂ ಅವಳು ಹೋಗಲಿಲ್ಲ.

ಬು ದರ್ಸಿ ಅವಳಿಗೆ ಮಾಡಿದ್ದು ಒಳ್ಳೆಯದೇ. ಇರಲು ತಮ್ಮ ಮನೆಯ ಮುಂದಿನ ಕೋಣೆ ಕೊಟ್ಟಿದ್ದರು. ಪ್ರತಿ ಮದುವೆಗೂ ಮುಂಚೆ ಕನ್ನಡಿಯ ಮುಂದೆ ಅವಳನ್ನು ಕೂರಿಸಿ, ಹಿಂದೆ ನಿಂತು, ಬಾಯಲ್ಲಿ ಪಿನ್ನುಗಳನ್ನು ಕಚ್ಚಿಕೊಂಡು ಅವಳ ತುರುಬು ಕಟ್ಟುತ್ತಿದ್ದರು.

“ನಿನ್ನ ದನಿ ನನ್ನದಕ್ಕಿಂತ ಚೆಂದ ಕಣೇ. ಯಾಕೆ ಅಷ್ಟು ಹೆದರ್ಕೊಂಡು ಹಾಡ್ತೀಯ?” ಎಂದು ಒಂದು ದಿನ ಅಂದಿದ್ದರು. ವೆನಿಂಗ್‌ಗೆ ಅದು ಚುಚ್ಚುಮಾತಾಗಿ ಕೇಳಿಸಿತ್ತು.

“ಕಣ್ಣು ಮುಚ್ಚು,” ಎಂದ ಸರ್ಪಿನ್ ಅಜ್ಜ.

ಮುಚ್ಚಿದಳು. ಇದೆಲ್ಲ ಬರೀ ಮನಸ್ಸಿನ ಧೈರ್ಯಕ್ಕೆ, ಒಂದು ಉಂಗುರ ಹಾಕಿಕೊಂಡ ಹಾಗೆ, ಎಂದು ತನಗೆ ತಾನೇ ಹೇಳಿಕೊಂಡಳು. ಮುದುಕನ ಒರಟು ಬೆರಳು ಅವಳ ಗಂಟಲ ಗುಳಿಯನ್ನು ಸವರಿತು. ಮಂತ್ರ ಶುರುವಾಯಿತು. ನನ್ನ ಮುಖ, ನನ್ನ ಮುಖ ಅಂದುಕೊಂಡಳು. ಮುಖ ಬಂತು, ಕನ್ನಡಿಯಲ್ಲಿ ಕಾಣುವ ಅವಳದೇ ಮುಖ. ಆದರೆ ಅವಳು ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡಾಗಲೆಲ್ಲ ಹಿಂದೆ ಇನ್ನೊಬ್ಬರು ಇರುತ್ತಿದ್ದರಲ್ಲ. ತುರುಬಿನ ಮೇಲೆ ಒಂದು ಕೈ ಮೂಡಿತು. ಭುಜದ ಮೇಲೆ ಒಂದು ಗಲ್ಲ. ಪಿನ್ನು ಕಚ್ಚಿದ ಸೊಟ್ಟ ಹಲ್ಲು. ಬೇಡ, ಹೋಗು ಅಂದಳು. ಹೋಗಲಿಲ್ಲ.

ಚುಳ್ ಎಂದಿತು.

“ಯಾರು ಬಂದರು?” ಅಜ್ಜ ಕೇಳಿದ.

“ನಾನೇ,” ಎಂದಳು.

ಅಜ್ಜ ಕೆಂಡದ ಬೆಳಕಲ್ಲಿ ಅವಳ ಮುಖ ನೋಡಿದ. ಆಮೇಲೆ ಎದ್ದು ಬಾಗಿಲು ತೆಗೆದ.

ಮುಂದಿನ ವಾರ ಒಂದು ಮದುವೆ. ವೆನಿಂಗ್ ಎದ್ದು ನಿಂತು ಮೊದಲ ಸಾಲು ಎತ್ತಿಕೊಂಡಳು. ಚಮಚಗಳು ನಿಂತವು. ಮೊದಲು ಮುಂದಿನ ಸಾಲಿನವು, ಆಮೇಲೆ ಹಿಂದಿನವು. ಜನರೇಟರಿನ ಗುರುಗುರು ಬಿಟ್ಟರೆ ಇಡೀ ಚಪ್ಪರ ನಿಶ್ಶಬ್ದ. ಒಬ್ಬ ಮುದುಕ ಬಾಯಿಗಿಟ್ಟ ತುತ್ತನ್ನು ನುಂಗುವುದನ್ನೇ ಮರೆತಿದ್ದ. ಮೇಲಿನ ಸ್ವರಕ್ಕೆ ಹೋದಾಗ ದನಿ ಸ್ವಲ್ಪ ಒಡೆಯಿತು. ಹಿಂದೆಂದೂ ಹಾಗಾಗಿರಲಿಲ್ಲ.

ಹಾಡು ಮುಗಿಸಿ ತಿರುಗಿದರೆ ಬು ದರ್ಸಿ ಕಣ್ಣೊರೆಸಿಕೊಳ್ಳುತ್ತಿದ್ದರು. “ನಾನು ಹೇಳ್ಲಿಲ್ವಾ?” ಎಂದು ಎದ್ದರು, ಕೆಮ್ಮಿದರು. ತಮ್ಮ ಹಾಡು ಹಾಡಲು ಹೋದರು, ಮತ್ತೆ ಕೆಮ್ಮಿದರು. ಅವತ್ತು ಅವರಿಂದ ಎರಡನೆಯ ಸಾಲು ಏಳಲಿಲ್ಲ.

ಒಂದು ತಿಂಗಳಲ್ಲಿ ಬು ದರ್ಸಿಯ ದನಿ ಪಿಸುಮಾತಾಯಿತು. ಪೇಟೆಯ ಡಾಕ್ಟರು ಗಂಟಲಿಗೆ ಬೆಳಕು ಬಿಟ್ಟು ನೋಡಿ ಏನೂ ಇಲ್ಲ ಅಂದರು. ಇತ್ತ ವೆನಿಂಗ್‌ಗೆ ಮಾತಾಡುವ ದನಿಯೂ ಬದಲಾಯಿತು. ಫೋನಿನಲ್ಲಿ ಅವಳ ತಾಯಿ, “ಯಾರಮ್ಮಾ ಮಾತಾಡೋದು? ವೆನಿಂಗ್‌ಗೆ ಕೊಡಿ,” ಅಂದಳು. ಮೇಳದವರಿಗೆ ಮಾತ್ರ ಇದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ಶಿಷ್ಯೆಗೆ ಗುರುವಿನ ಛಾಯೆ ಬಂದಿದೆ ಎಂದು ಪಾಕ್ ಗುನಾರ್ತೊ ಹೋದಲ್ಲಿ ಬಂದಲ್ಲಿ ಹೇಳಿದರು. ಬು ದರ್ಸಿಗೂ ಹೆಮ್ಮೆಯೇ. ಹಾಡಲಾಗದಿದ್ದರೂ ಪ್ರತಿ ಮದುವೆಗೂ ಬರುತ್ತಿದ್ದರು, ತುರುಬು ಕಟ್ಟುತ್ತಿದ್ದರು.

ಕನ್ನಡಿಯಲ್ಲಿ ಅವರ ಮುಖ ಕಂಡರೆ ಈಗ ವೆನಿಂಗ್ ಕಣ್ಣು ಕೆಳಗಿಳಿಸುತ್ತಿದ್ದಳು. ನಾಚಿಕೆ ಅಂದರೆ ಎಂಥದು ಎಂದು ಅವಳಿಗೆ ಆ ದಿನಗಳಲ್ಲಿ ಗೊತ್ತಾಯಿತು. ಅನ್ನ ರುಚಿಸುತ್ತಿರಲಿಲ್ಲ. ಅವರ ಬೆರಳು ಕೂದಲಿಗೆ ತಾಗಿದರೆ ಬೆನ್ನು ಬೆವರುತ್ತಿತ್ತು. ಆದರೂ ಚಪ್ಪರಕ್ಕೆ ಹೋಗಿ ಬಾಯಿ ತೆರೆದಾಗ, ಚಮಚಗಳು ನಿಂತಾಗ, ಆ ನಾಚಿಕೆಯೆಲ್ಲ ಎಲ್ಲೋ ಮಾಯ. ಮನೆಗೆ ಬಂದ ಮೇಲೆ ಮತ್ತೆ ಹಾಜರು.

ಎರಡನೆಯ ತಿಂಗಳು ಬು ದರ್ಸಿಗೆ ಏದುಸಿರು ಹತ್ತಿತು. ಬಾವಿಯಿಂದ ಒಂದು ಕೊಡ ನೀರು ತಂದರೆ ಕಟ್ಟೆಯ ಮೇಲೆ ಕೂತುಬಿಡುತ್ತಿದ್ದರು. ಮೊದಲು ದನಿ, ಆಮೇಲೆ ಉಸಿರು. ಮುದುಕ ಹೇಳಿದ್ದನ್ನು ವೆನಿಂಗ್ ಮರೆತಿರಲಿಲ್ಲ.

ಅಷ್ಟರಲ್ಲಿ ಸುರಬಾಯಾದಿಂದ ಸುದ್ದಿ ಬಂತು. ಹಾಡುಗಳ ಆಲ್ಬಂ ಮಾಡಿಸುವ ದೊಡ್ಡ ಮನುಷ್ಯರೊಬ್ಬರು ಭಾನುವಾರ ಮರದ ವ್ಯಾಪಾರಿಯೊಬ್ಬರ ಮನೆಯ ಮದುವೆಗೆ ಬರುತ್ತಾರಂತೆ, ಅವಳನ್ನು ಕೇಳಲಿಕ್ಕೆಂದೇ ಬರುತ್ತಾರಂತೆ. ಆ ಖುಷಿಗೆ ಗುರುವಾರ ಮಧ್ಯಾಹ್ನ ಬು ದರ್ಸಿ ಅಂಗಳದಲ್ಲಿ ಸಾತೆ ಸುಡಲು ಕೂತರು. ಅವರ ಗಂಡ ಪಾಕ್ ಕಸ್ದಿ ಮದ್ದಲೆ ಮಾಡುವವರು. ಕಣ್ಣಿಗೆ ಪೊರೆ ಬಂದು ಈಗ ಬೆಳಕು ನೆರಳು ಬಿಟ್ಟು ಬೇರೇನೂ ಕಾಣದು. ಚರ್ಮ ಎಳೆದು ಕಟ್ಟುವ ಕೆಲಸ ಕೈಯಂದಾಜಿನಲ್ಲೇ ಮಾಡುತ್ತಿದ್ದರು. ಅವತ್ತು ಕೆಂಡಕ್ಕೆ ಬೀಸಣಿಗೆ ಬೀಸಿದ್ದೂ ಅವರೇ.

“ನೀವು ಒಳಗೆ ಹೋಗಿ, ಹೊಗೆ ಕಣ್ಣಿಗೆ ಬರುತ್ತೆ,” ಎಂದು ಹೆಂಡತಿ ಪಿಸುಗುಟ್ಟಿ ಅವರನ್ನು ಕಳಿಸಿದರು. ತೇಗದ ಎಲೆಯ ಮೇಲೆ ಒಂದು ಕಟ್ಟು ಸಾತೆ, ಕಡಲೆಕಾಯಿ ಚಟ್ನಿ, ಅನ್ನ ಇಟ್ಟು ವೆನಿಂಗ್‌ಳ ಮುಂದೆ ತಳ್ಳಿದರು. ಸುಟ್ಟ ಕೊಬ್ಬಿನ ವಾಸನೆಗೆ ಬಾಯಲ್ಲಿ ನೀರೂರಿತು.

ವೆನಿಂಗ್ ಚಮಚ ಕೈಗೆ ತೆಗೆದುಕೊಂಡಳು. ಮಾಂಸದ ತುಂಡುಗಳನ್ನು ಒಂದೊಂದಾಗಿ ಕಡ್ಡಿಯಿಂದ ಅನ್ನದ ಮೇಲೆ ತಳ್ಳಿದಳು. ಎರಡು ತಿಂಗಳಿಂದ ಮರೆಯಲ್ಲಿ ಮಾಡಿ ಮಾಡಿ ಕೈಗೆ ಅಭ್ಯಾಸವಾಗಿಬಿಟ್ಟಿತ್ತು. ಎದುರಿಗೆ ಯಾರು ಕೂತಿದ್ದಾರೆ ಎಂದು ನೆನಪಾಗುವಷ್ಟರಲ್ಲಿ ಮೂರನೆಯ ಕಡ್ಡಿಯೂ ಬೋಳಾಗಿತ್ತು.

ತಲೆ ಎತ್ತಿದಳು. ಬು ದರ್ಸಿ ಆ ಕಡ್ಡಿಗಳನ್ನೇ ನೋಡುತ್ತಿದ್ದರು.

“ಯಾರ ಮುಖ ನೆನೆದೆ?”

ವೆನಿಂಗ್ ಚಮಚ ಕೆಳಗಿಟ್ಟಳು. ಮಾತಾಡಿದರೆ ಬರುವುದು ಅವರದೇ ದನಿ. ಆದರೂ ತಲೆ ತಗ್ಗಿಸಿ, “ನಿಮಗೂ ಇದೆಯಲ್ಲ ಬು. ನಿಮ್ಮ ಸೂಜಿ ನಿಮ್ಮನ್ನ ಕಾಯುತ್ತೆ ಅಂದ್ಕೊಂಡಿದ್ದೆ,” ಎಂದಳು. ಇದು ಸುಳ್ಳು. ಅವಳು ಏನನ್ನೂ ಅಂದುಕೊಂಡಿರಲಿಲ್ಲ.

ಬು ದರ್ಸಿ ಒಂದು ಕಡ್ಡಿ ಎತ್ತಿಕೊಂಡರು. ಸೊಟ್ಟ ಹಲ್ಲಿನಿಂದ ಮಾಂಸ ಕಚ್ಚಿ ಸರ್ರನೆ ಎಳೆದರು. ಅಗಿದರು, ನುಂಗಿದರು. ಬರಿಯ ಕಡ್ಡಿಯನ್ನು ಎಲೆಯ ಮೇಲಿಟ್ಟರು. ಗಂಟಲಿಂದ ಏನೂ ಬೀಳಲಿಲ್ಲ. ಅಲ್ಲಿ ಬೀಳುವಂಥದ್ದು ಎಂದೂ ಇರಲೇ ಇಲ್ಲ.

“ಹಾಗಾದ್ರೆ ನಿಮ್ಮ ಹತ್ರ ಏನಿತ್ತು?” ವೆನಿಂಗ್ ಬೆಚ್ಚಿಬಿದ್ದು ಕೇಳಿದಳು.

“ಏನಿರುತ್ತೆ? ಎದುರಿಗೆ ಕೂತೋರನ್ನ ನೋಡ್ತಿದ್ದೆ ಕಣೇ. ಯಾರಿಗೆ ಏನು ನೋವಿದೆ ಅಂತ ಮುಖದಲ್ಲಿ ಗೊತ್ತಾಗುತ್ತೆ, ಅವರಿಗೆ ಹಾಡ್ತಿದ್ದೆ. ನೀನು ನನ್ನೇ ನೋಡ್ಕೊಂಡು ನಿಂತೆ.” ಇಷ್ಟು ಹೇಳುವುದರಲ್ಲಿ ಅವರಿಗೆ ಎರಡು ಸಲ ಉಸಿರು ಕಟ್ಟಿತು. ಇನ್ನೊಂದು ಕಡ್ಡಿಯನ್ನು ಅವಳ ಕೈಯಲ್ಲಿಟ್ಟರು. “ತಿನ್ನು. ನಿನ್ನ ದನಿ ನಿನಗೆ ಬರುತ್ತೆ, ನನ್ನದು ನನಗೆ. ಯಾರಿಗೂ ಹೇಳಲ್ಲ. ಇವರಿಗೂ ಹೇಳಲ್ಲ. ಹುಡುಗಿ, ನಾಲ್ಕು ಜನರ ಮುಂದೆ ನಿನ್ನ ಮಾನ ಹೋಗ್ಬಾರ್ದು.”

ವೆನಿಂಗ್ ಕಡ್ಡಿಯನ್ನು ಬಾಯಿಯವರೆಗೆ ತಂದಳು. ಬಿಸಿ ತುಟಿಗೆ ತಾಗಿತು. ತನ್ನ ದನಿ ವಾಪಸು ಬರುತ್ತದೆ. ಆ ತಪ್ಪಿಲ್ಲದ ದನಿ, ಯಾರೂ ಕೇಳದ ದನಿ. ಭಾನುವಾರ ಸುರಬಾಯಾದವರು ಊಟ ಮಾಡುತ್ತ ಪಕ್ಕದವರ ಹತ್ತಿರ ಮಾತಾಡುತ್ತ ಕೂತಿರುತ್ತಾರೆ.

“ಭಾನುವಾರ ಒಂದು ಆಗ್ಲಿ ಬು. ಹಾಡು ಮುಗಿದ ತಕ್ಷಣ ಅಲ್ಲೇ ನಿಮ್ಮೆದುರಿಗೇ ತಿಂತೀನಿ. ಮೂರೇ ದಿನ.”

ಬು ದರ್ಸಿ ಆ ಕಡ್ಡಿಯನ್ನು ಅವಳ ಕೈಯಿಂದ ತೆಗೆದು ಎಲೆಯ ಮೇಲಿಟ್ಟರು. “ಮೂರು ದಿನ ತಡ್ಕೋತೀನಿ ಬಿಡು,” ಎಂದರು.

ಭಾನುವಾರ ಮದುವೆಮನೆಗೆ ಅವರೇ ಬಂದು ತುರುಬು ಕಟ್ಟಿದರು. ನಡುವೆ ನಾಲ್ಕು ಸಲ ಕುರ್ಚಿ ಹಿಡಿದು ನಿಂತರು. ಮಲ್ಲಿಗೆ ಮುಡಿಸಿ, ಭುಜ ತಟ್ಟಿ, ಗೋಡೆ ಹಿಡಿದುಕೊಂಡು ಅಡುಗೆಮನೆಯ ಕಡೆ ಹೋದರು.

ಬಿಸಿಲು ಚಪ್ಪರದ ಬಟ್ಟೆಯನ್ನು ಸುಡುತ್ತಿತ್ತು. ಮಲ್ಲಿಗೆ, ಬೆವರು, ಡೀಸೆಲ್ಲು, ಕುದಿಯುವ ಸಾರು. ಮುಂದಿನ ಸಾಲಿನಲ್ಲಿ ಬಿಳಿಯ ಅಂಗಿಯ ಸುರಬಾಯಾದವರು. ವೆನಿಂಗ್ ಹಾಡಲು ಶುರು ಮಾಡಿದಳು. ಚಮಚಗಳು ನಿಂತವು. ಬಿಳಿ ಅಂಗಿಯವರು ಬೆನ್ನು ನೆಟ್ಟಗೆ ಮಾಡಿ ಕೂತರು.

ಕೊನೆಯ ಸಾಲು ಬಂತು. ಅಲ್ಲಿ ಒಂದು ಮೇಲಿನ ಸ್ವರವನ್ನು ಉದ್ದಕ್ಕೆ ಹಿಡಿಯಬೇಕು. ಉಸಿರು ಎಳೆದುಕೊಂಡಳು. ಆಗ ಅಡುಗೆಮನೆಯ ಬಾಗಿಲು ಕಣ್ಣಿಗೆ ಬಿತ್ತು.

ಹೊಸ್ತಿಲ ಆಚೆ ಕತ್ತಲು. ಕತ್ತಲಲ್ಲಿ ಒಂದು ಮಣೆ. ಮಣೆಯ ಮೇಲೆ ಬು ದರ್ಸಿ. ಇವಳ ಎದೆ ತುಂಬಿದಾಗ ಅವರ ಎದೆ ಕುಸಿಯಿತು. ಅವರ ಬಾಯಿ ತೆರೆದಿತ್ತು. ಮೀನಿನ ಬಾಯಿಯ ಹಾಗೆ ತೆರೆಯಿತು, ಮುಚ್ಚಿತು. ಗಾಳಿ ಒಳಗೆ ಹೋಗುತ್ತಿರಲಿಲ್ಲ.

ಸ್ವರ ಎತ್ತಿಯಾಗಿತ್ತು. ನಿಲ್ಲಿಸು ಅಂದಿತು ಮನಸ್ಸು. ಇನ್ನೊಂದು ಕ್ಷಣ ಅಂದಿತು ಅದೇ ಮನಸ್ಸು. ಬಿಳಿ ಅಂಗಿಯವರ ಕಣ್ಣಲ್ಲಿ ನೀರು. ಇನ್ನೊಂದೇ ಕ್ಷಣ. ಬು ದರ್ಸಿ ಕೈ ಚಾಚಿದರು. ಅವರ ಕಣ್ಣು ಇವಳ ಕಣ್ಣಲ್ಲಿತ್ತು. ಇವಳು ನೋಡಿದಳು. ನೋಡುತ್ತಲೇ ಹಿಡಿದಳು. ಇನ್ನೂ ಹಿಡಿದಳು. ಕೈ ಕೆಳಗೆ ಬಿತ್ತು.

ಚಪ್ಪಾಳೆ ಚಪ್ಪರ ಹಾರಿಸುವಂತೆ ಎದ್ದಿತು. ಎಲ್ಲರೂ ಎದ್ದು ನಿಂತರು. ಅಡುಗೆಮನೆಯಲ್ಲಿ ಒಬ್ಬಳು ಕಿರುಚಿದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ, ವೆನಿಂಗ್ ಒಬ್ಬಳಿಗೆ ಕೇಳಿತು.

ಸಂಜೆಯೊಳಗೆ ಮಣ್ಣು ಮಾಡಿ ಬಂದರು. ಮನೆಯ ತುಂಬ ಕರ್ಪೂರ, ಗುಲಾಬಿ ಪಕಳೆಗಳ ವಾಸನೆ. ನೆರೆಯ ಹೆಂಗಸರು ಸಾವಿನ ಮನೆಗೆಂದು ಅಕ್ಕಿ ತಂದು ಮೂಲೆಯಲ್ಲಿ ಸುರಿದು ಕೂತಿದ್ದರು. ಗೋಡೆಯ ಮೇಲೆ ಅರ್ಧ ಕಟ್ಟಿದ ಮದ್ದಲೆಗಳು, ಅವುಗಳ ಕೆಳಗೆ ಚಾಪೆಯ ಮೇಲೆ ಪಾಕ್ ಕಸ್ದಿ. ವೆನಿಂಗ್ ಚಪ್ಪರದಿಂದ ಬಂದ ಮೇಲೆ ಒಂದು ಮಾತೂ ಆಡಿರಲಿಲ್ಲ. ಬಾಯಿ ತೆರೆಯಲು ಅವಳಿಗೆ ಹೆದರಿಕೆ.

“ಹೋಗಿ ಮಾತಾಡ್ಸಮ್ಮಾ,” ಎಂದು ಪಾಕ್ ಗುನಾರ್ತೊ ಅವಳನ್ನು ಮುಂದಕ್ಕೆ ತಳ್ಳಿದರು. “ಮಗಳ ಹಾಗೆ ನೋಡ್ಕೊಂಡಿದ್ದರು ನಿನ್ನನ್ನ.”

ಅವಳು ಎದುರಿಗೆ ಮಂಡಿಯೂರಿದಳು. ಪಾಕ್ ಕಸ್ದಿ ತಡವರಿಸಿ ಅವಳ ಕೈ ಹಿಡಿದುಕೊಂಡರು. ಚರ್ಮ ಎಳೆದು ಎಳೆದು ಗಟ್ಟಿಯಾದ ಅಂಗೈ.

“ನಮ್ಮವಳ ದನಿ ನಿನಗೆ ಬಂದಿದೆ ಅಂತಾರೆ ಎಲ್ಲರೂ. ಕೊಟ್ಟು ಹೋದಳು ಬಿಡು, ಒಳ್ಳೇದಾಯ್ತು. ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅವಳು ನನ್ನ ಹೆಸರು ಹಿಡೀದೆ ‘ಮಾಸ್’ ಅಂತ ಕರೀತಿದ್ದಳು. ಒಂದೇ ಒಂದ್ಸಲ ಹಾಗೆ ಕರೀತೀಯಾ?”

ಹೆಂಗಸರು ಬಿಕ್ಕಿದರು. ವೆನಿಂಗ್‌ಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಒಂದೇ ಮಾತು, ಹೇಳಿ ಎದ್ದುಬಿಡೋಣ ಅಂದುಕೊಂಡಳು.

“ಮಾಸ್,” ಎಂದಳು.

ಮುದುಕನ ಮುಖ ಅರಳಿತು. ವೆನಿಂಗ್ ಬಾಯಿ ಮುಚ್ಚಲು ಹೋದಳು. ಅದು ಮುಚ್ಚಿಕೊಳ್ಳಲಿಲ್ಲ.

“ಮಾಸ್, ನಾನು ಯಾರಿಗೂ ಕೊಡ್ಲಿಲ್ಲ. ಇವಳು ಸೂಜಿ ಹಾಕಿಸ್ಕೊಂಡು ಕಿತ್ಕೊಂಡಳು.”

ಅವಳು ಬಿಡುವಿದ್ದ ಕೈಯಿಂದ ಬಾಯಿ ಒತ್ತಿಕೊಂಡಳು. ದನಿ ಬೆರಳುಗಳ ಸಂದಿನಿಂದ ಬಂತು. ಏರಲಿಲ್ಲ, ಇಳಿಯಲಿಲ್ಲ. ಅಡುಗೆಮನೆಯಿಂದ ಗಂಡನ ಜೊತೆ ಮಾತಾಡುವ ಹೆಂಗಸಿನ ಸಾದಾ ದನಿ.

“ಗುರುವಾರ ಕೈಯಲ್ಲಿ ಕಡ್ಡಿ ಇಟ್ಟು ತಿನ್ನೇ ಅಂದೆ. ಭಾನುವಾರ ಆಗ್ಲಿ ಅಂದಳು. ಇವತ್ತು ನನ್ನ ಉಸಿರು ನಿಲ್ತಿತ್ತು ಮಾಸ್. ಇವಳಿಗೆ ಕಾಣ್ತಿತ್ತು. ನನ್ನನ್ನೇ ನೋಡ್ತಾ ಇದ್ದಳು. ನೋಡ್ತಾ ನೋಡ್ತಾನೇ ಎಳೆದಳು.”

ಯಾರದೋ ಕೈಯಿಂದ ಚಹಾದ ಲೋಟ ಜಾರಿತು. ಪಾಕ್ ಗುನಾರ್ತೊ ಗೋಡೆಗೆ ಅಂಟಿ ನಿಂತರು. ಎಲ್ಲರ ಕಣ್ಣೂ ಅವಳ ಮೇಲೆ. ವೆನಿಂಗ್ ಎದ್ದು ಓಡಲು ನೋಡಿದಳು. ಆ ಗಟ್ಟಿ ಅಂಗೈ ಬಿಡಲಿಲ್ಲ, ಇನ್ನೂ ಬಿಗಿಯಿತು. ಹೊಡೆಯುತ್ತಾರೆ ಅಂದುಕೊಂಡಳು. ಹೊಡೆಯಲಿ, ಉಗಿಯಲಿ, ಕೊಂದೇ ಬಿಡಲಿ ಅಂದುಕೊಂಡಳು.

ಪಾಕ್ ಕಸ್ದಿ ಚಾಪೆಯ ಮೇಲೆ ಸರಿದು ಹತ್ತಿರ ಬಂದರು. ಅವಳ ಕೈಯನ್ನು ಬಾಯಿಯಿಂದ ಮೆಲ್ಲಗೆ ಬಿಡಿಸಿದರು. ತಮ್ಮ ಕಿವಿಯನ್ನು ಅವಳ ತುಟಿಗೆ ತಾಗುವಷ್ಟು ಹತ್ತಿರ ತಂದರು.

“ಇನ್ನೂ ಹೇಳು ದರ್ಸಿ,” ಎಂದರು. “ನಿಲ್ಲಿಸ್ಬೇಡ. ಮೊದಲಿಂದ ಹೇಳು.”

ವೆನಿಂಗ್‌ಳ ಬಾಯಿ ತೆರೆಯಿತು. ದನಿ ಮೊದಲಿಂದ ಶುರು ಮಾಡಿತು.